ಹಳ್ಳ, ಬಿಸಿಲು ಮತ್ತು ಮೃಗಶಿರಾ ಮಳೆ

ಸೋಲಾರ್ ಹಾಕಿಸಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ನಮ್ಮನೆಗೆ ಎಷ್ಟು ಕಿಲೋವ್ಯಾಟ್ ಬೇಕಾಗ್ತದೆ?" ಅಂಗಡಿಯವರಲ್ಲಿ ಸಿದ್ಧ ಉತ್ತರವಿರುತ್ತದೆ: ತಿಂಗಳ ಬಿಲ್ಲಿನ ಯೂನಿಟ್ಟನ್ನು ಮೂವತ್ತರಿಂದ ಭಾಗಿಸಿ, ಬಂದದ್ದನ್ನು ನಾಲ್ಕರಿಂದ ಭಾಗಿಸಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ ಎಂಬುದು ಕರ್ನಾಟಕದ ಮಟ್ಟಿಗೆ ತಪ್ಪಲ್ಲದ ಅಂದಾಜು. ಮನೆಗೆ ಕಂಬದಿಂದ ತಂತಿ ಬಂದಿದ್ದರೆ ಇಷ್ಟು ಲೆಕ್ಕ ಸಾಕು. ಕಡಿಮೆ ಬಿದ್ದ ದಿನ ಗ್ರಿಡ್ ಕೊಡುತ್ತದೆ, ಹೆಚ್ಚಾದ ದಿನ ಗ್ರಿಡ್ ಕೊಳ್ಳುತ್ತದೆ, ವರ್ಷದ ಕೊನೆಗೆ ಕೂಡಿ ಕಳೆದರೆ ಸರಿಹೋಗುತ್ತದೆ.

ತಂತಿ ಇಲ್ಲದ ಮನೆಗೆ ಇದೇ ಲೆಕ್ಕ ಹಾಕಿಕೊಟ್ಟರೆ ಮೊದಲ ಮಳೆಗಾಲದಲ್ಲೇ ಜಗಳ ಶುರುವಾಗುತ್ತದೆ. ಸರಾಸರಿ ದಿನವೆಂಬುದು ಕ್ಯಾಲೆಂಡರಿನಲ್ಲಿ ಬರುವುದೇ ಇಲ್ಲ. ಬರುವುದು ಫೆಬ್ರುವರಿಯ ಸುಡುಬಿಸಿಲಿನ ದಿನ, ಇಲ್ಲವೇ ಮಧ್ಯಾಹ್ನ ಎರಡು ಗಂಟೆಗೂ ಜಗಲಿಯಲ್ಲಿ ದೀಪ ಹಚ್ಚಬೇಕಾದ ಜುಲೈ ದಿನ. ಗ್ರಿಡ್ ಇಲ್ಲದ ವ್ಯವಸ್ಥೆಯನ್ನು ವರ್ಷದ ಅತಿ ಕೆಟ್ಟ ವಾರಕ್ಕೆ ಕಟ್ಟಬೇಕು. ಹಾಗಾಗಿ ಆ ವಾರ ಯಾವುದೆಂದು ಹುಡುಕುವುದೇ ಯೋಜನೆಯ ಮುಕ್ಕಾಲು ಕೆಲಸ. ನೋಡಿದರೆ ಸುಲಭ ಅನ್ನಿಸುತ್ತದೆ. ಮಲೆನಾಡಿನಲ್ಲಿ ಹೆಚ್ಚಿನವರು ಆ ವಾರವನ್ನು ತಪ್ಪಾದ ತಿಂಗಳಲ್ಲಿ ಹುಡುಕುತ್ತಾರೆ.

ಒಂದು ಮನೆಯನ್ನು ಕಾಗದದ ಮೇಲೆ ಕಟ್ಟಿಕೊಳ್ಳೋಣ. ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆ. ಡಾಂಬರು ರಸ್ತೆಯಿಂದ ದೂರ, ಸುತ್ತ ಬೆಟ್ಟ, ಹಿಂದೆ ಒಂದು ಹಳ್ಳ. ಇಂಥ ಮನೆಗಳು ಉತ್ತರ ಕನ್ನಡ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಕಾಡಂಚಿನಲ್ಲಿ ಬೇಕಾದಷ್ಟಿವೆ. ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ದೀಪ ಉರಿಸಿಕೊಂಡ ಮನೆಗಳೂ ನೂರಾರು.

ಮೊದಲು ಖರ್ಚಿನ ಪಟ್ಟಿ. ಎಲ್‌ಇಡಿ ಬಲ್ಬುಗಳಿಗೆ ದಿನಕ್ಕೆ 0.4 ಯೂನಿಟ್. ಮೂವತ್ತು ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಮೂರಕ್ಕೆ 0.7 (ಹಳೆಯ 75 ವ್ಯಾಟಿನ ಫ್ಯಾನುಗಳನ್ನೇ ಇಟ್ಟುಕೊಂಡರೆ ಇದು 1.8 ಆಗುತ್ತದೆ, ಆ ವ್ಯತ್ಯಾಸಕ್ಕೆ ಬೇಕಾದ ಪ್ಯಾನೆಲ್ಲು, ಬ್ಯಾಟರಿಗಿಂತ ಹೊಸ ಫ್ಯಾನೇ ಅಗ್ಗ). ಫ್ರಿಜ್ಜಿಗೆ 0.8. ಟಿವಿಗೆ 0.2. ಮೊಬೈಲು, ಲ್ಯಾಪ್‌ಟಾಪಿಗೆ ಕಾಲು ಯೂನಿಟ್, ಹಗಲೂ ರಾತ್ರಿ ಉರಿಯುವ ವೈಫೈ ಡಬ್ಬಿಗೆ ಇನ್ನೊಂದು ಕಾಲು. ಮಿಕ್ಸಿ, ಗ್ರೈಂಡರಿಗೆ 0.3, ಬಟ್ಟೆ ತೊಳೆಯುವ ಯಂತ್ರಕ್ಕೆ 0.2, ಬಾವಿಯ ಒಂದು ಎಚ್‌ಪಿ ಪಂಪು ಒಂದು ತಾಸು ಓಡಿದರೆ 0.9. ಕೂಡಿದರೆ ನಾಲ್ಕು ಯೂನಿಟ್.

ಈ ಪಟ್ಟಿಯಲ್ಲಿ ಯಾರೂ ಬರೆಯದ ಒಬ್ಬ ಗಿರಾಕಿ ಇದ್ದಾನೆ, ಇನ್ವರ್ಟರ್. ಮನೆಯವರೆಲ್ಲ ಮಲಗಿ ಒಂದು ಬಲ್ಬೂ ಉರಿಯದ ಹೊತ್ತಿನಲ್ಲಿಯೂ ಅದು ತಾನು ಎಚ್ಚರವಾಗಿರಲು ಇಪ್ಪತ್ತರಿಂದ ಐವತ್ತು ವ್ಯಾಟ್ ಕುಡಿಯುತ್ತಿರುತ್ತದೆ. ಮೂವತ್ತು ವ್ಯಾಟ್ ಎಂದು ಹಿಡಿದರೂ ದಿನಕ್ಕೆ 0.7 ಯೂನಿಟ್, ಅಂದರೆ ಮೂರೂ ಫ್ಯಾನಿನಷ್ಟು. ಅಗತ್ಯಕ್ಕಿಂತ ದೊಡ್ಡ ಇನ್ವರ್ಟರ್ ಕೊಂಡವರು ಈ ಸುಂಕವನ್ನು ಪ್ರತಿ ರಾತ್ರಿ ಕಟ್ಟುತ್ತಾರೆ. ತೀರ ಚಿಕ್ಕದನ್ನು ಕೊಂಡರೆ ಬೇರೆ ತಾಪತ್ರಯ: ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗುತ್ತದೆ, ಬಾವಿಕಟ್ಟೆಯಿಂದ ಮನೆಗೆ ಓಡಾಟ. ಪಂಪಿಗೆ ಸಾಫ್ಟ್ ಸ್ಟಾರ್ಟರ್ ಹಾಕಿ ಇನ್ವರ್ಟರನ್ನು ಮಧ್ಯಮ ಗಾತ್ರಕ್ಕೆ ನಿಲ್ಲಿಸುವುದು ಜಾಣತನ. ಬ್ಯಾಟರಿಯ ಒಳಗೆ ಹೋಗಿ ಬರುವಾಗ ಆಗುವ ನಷ್ಟವನ್ನೂ ಸೇರಿಸಿ ನಮ್ಮ ಮನೆಯ ದಿನದ ಬೇಡಿಕೆಯನ್ನು ಐದು ಯೂನಿಟ್ ಎಂದಿಟ್ಟುಕೊಳ್ಳೋಣ. ಅಡುಗೆ ಇದರಲ್ಲಿಲ್ಲ. ಕೊಟ್ಟಿಗೆ, ಗೋಬರ್ ಗ್ಯಾಸ್ ಇರುವ ಮನೆಯಲ್ಲಿ ಒಲೆಯ ಬಿಸಿಯನ್ನು ಬ್ಯಾಟರಿಯಿಂದ ತೆಗೆಯುವುದು ದುಂದು.

ಇನ್ನು ಹಳ್ಳ. ಸೆಕೆಂಡಿಗೆ ಒಂದು ಲೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ 9.8 ವ್ಯಾಟ್. ಕಿರು ಜಲವಿದ್ಯುತ್ತಿನ ಭೌತಶಾಸ್ತ್ರ ಇಷ್ಟೇ. ಉಳಿದದ್ದು ಅಳತೆ. ನೀರನ್ನು ಒಂದು ಪೈಪಿನ ಬಾಯಿಗೆ ತಿರುಗಿಸಿ, ಇಪ್ಪತ್ತು ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಬೇಕು. ನಾಲ್ಕು ಸೆಕೆಂಡ್ ಆದರೆ ಸೆಕೆಂಡಿಗೆ ಐದು ಲೀಟರ್. ಎತ್ತರಕ್ಕೆ ಗಾರೆಯವರು ಬಳಸುವ ಲೆವೆಲ್ ಪೈಪೇ ಸಾಕು, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಇಳಿಯುತ್ತ ಕೂಡಿಸಿಕೊಂಡು ಹೋಗಬೇಕು. ಈಗಾಗಲೇ ಮೇಲಿನಿಂದ ಪೈಪ್ ಎಳೆದಿದ್ದರೆ ಇನ್ನೂ ಸಲೀಸು: ಕೆಳಗಿನ ವಾಲ್ವು ಮುಚ್ಚಿ ಪ್ರೆಶರ್ ಗೇಜ್ ಸಿಕ್ಕಿಸಿದರೆ ಮುಳ್ಳು ತೋರಿಸುವ ಪ್ರತಿ ಒಂದು ಕೆಜಿಗೆ ಹತ್ತು ಮೀಟರ್ ಎತ್ತರ.

ನಮ್ಮ ಹಳ್ಳಕ್ಕೆ ಮೂವತ್ತು ಮೀಟರ್ ಎತ್ತರವಿದೆ, ಮಳೆಗಾಲದಲ್ಲಿ ಐದು ಲೀಟರ್ ನೀರನ್ನು ಧಾರಾಳವಾಗಿ ತೆಗೆಯಬಹುದು, ಟರ್ಬೈನಿಗೆ ತರಲು ನೂರೈವತ್ತು ಮೀಟರ್ ಪೈಪ್ ಬೇಕು ಎನ್ನೋಣ. ಹಣ ಉಳಿಸಲು ಹೋಗಿ ಕೆಡುವುದು ಈ ಪೈಪಿನಲ್ಲಿ. 75 ಮಿಲಿಮೀಟರ್ ಪೈಪಿನಲ್ಲಿ ಅಷ್ಟು ನೀರು ಹರಿಯುವಾಗ ತಿಕ್ಕಾಟಕ್ಕೆ ಸುಮಾರು ನಾಲ್ಕು ಮೀಟರ್ ಎತ್ತರ ಕಳೆದುಹೋಗುತ್ತದೆ. 63 ಮಿಲಿಮೀಟರಿನದನ್ನು ಹಾಕಿದರೆ ಹೋಗುವುದು ಹತ್ತು ಮೀಟರ್. ಹೊರಗಿನಿಂದ ನೋಡಿದರೆ ಎರಡೂ ಪೈಪು ಹೆಚ್ಚು ಕಡಿಮೆ ಒಂದೇ. ಆದರೆ ತಿಕ್ಕಾಟ ಒಳವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಬೆಟ್ಟ ಪುಕ್ಕಟೆ ಕೊಟ್ಟ ಎತ್ತರದ ಮೂರನೇ ಒಂದು ಪಾಲನ್ನು ಸಣ್ಣ ಪೈಪು ದಾರಿಯಲ್ಲೇ ತಿಂದು ಹಾಕುತ್ತದೆ.

ದೊಡ್ಡ ಪೈಪೇ ಇರಲಿ. ಉಳಿದ 26 ಮೀಟರ್, ಐದು ಲೀಟರ್. ನಾಜಲ್ಲಿನಿಂದ ಚಿಮ್ಮಿದ ನೀರು ಪುಟ್ಟ ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಹೊಡೆದು ಜನರೇಟರ್ ತಿರುಗಿಸಿ ಹೊರಗೆ ಬರುವಾಗ ಅರ್ಧದಷ್ಟು ಶಕ್ತಿ ಉಳಿಯುತ್ತದೆ. ಸುಮಾರು 640 ವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆಗೂ ಸಾಲದು ಅನ್ನಿಸಬಹುದು. ಆದರೆ ಹಳ್ಳಕ್ಕೆ ರಾತ್ರಿಯಿಲ್ಲ. ಇಪ್ಪತ್ತನಾಲ್ಕು ತಾಸು ಓಡಿದರೆ ದಿನಕ್ಕೆ ಹದಿನೈದು ಯೂನಿಟ್, ಮನೆಗೆ ಬೇಕಾದ್ದರ ಮೂರು ಪಟ್ಟು. ಆರುನೂರು ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿಯೂ ಮೂರು ಯೂನಿಟ್ ದಾಟುವುದಿಲ್ಲ.

ಹೆಚ್ಚಾದ ಹತ್ತು ಯೂನಿಟ್ಟನ್ನು ಏನು ಮಾಡುವುದು? ಟರ್ಬೈನಿಗೆ ಬೇಡ ಎನ್ನುವಂತಿಲ್ಲ. ಮನೆಯಲ್ಲಿ ಸ್ವಿಚ್ಚುಗಳು ಆರಿದಂತೆ ಅದರ ಮೇಲಿನ ಭಾರ ಇಳಿಯುತ್ತದೆ, ಭಾರ ಇಳಿದರೆ ವೇಗ ಏರುತ್ತದೆ, ವೇಗದ ಜೊತೆ ವೋಲ್ಟೇಜ್ ಏರಿ ಬಲ್ಬುಗಳು ಸುಟ್ಟು ಹೋಗುತ್ತವೆ. ಅದಕ್ಕೇ ಪಕ್ಕದಲ್ಲಿ ಒಂದು ಲೋಡ್ ಕಂಟ್ರೋಲರ್ ಇರುತ್ತದೆ. ಮನೆಗೆ ಬೇಡವಾದಷ್ಟನ್ನು ಅದು ತಟ್ಟನೆ ಒಂದು ಹೀಟರ್ ಕಾಯಿಲ್ಲಿಗೆ ತಿರುಗಿಸಿ ಜನರೇಟರಿನ ಮೇಲಿನ ಭಾರ ಸದಾ ಒಂದೇ ಇರುವಂತೆ ನೋಡಿಕೊಳ್ಳುತ್ತದೆ. ಆ ಕಾಯಿಲ್ಲನ್ನು ಬಚ್ಚಲ ನೀರಿಗೆ ಇಳಿಬಿಟ್ಟರೆ ಆಷಾಢದ ಥಂಡಿಯಲ್ಲಿ ಹಂಡೆಗೆ ಸೌದೆ ಒಟ್ಟುವ ಕೆಲಸ ಬಹಳಷ್ಟು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಒಣಸೌದೆಗೆ ಎಷ್ಟು ಬೆಲೆಯೆಂದು ಗೊತ್ತಿದ್ದವರಿಗೆ ಇದು ದೊಡ್ಡ ಸಂಗತಿ. ನನ್ನ ಎಣಿಕೆಯಲ್ಲಿ ಇಡೀ ವ್ಯವಸ್ಥೆಯ ಅತಿ ಅಗ್ಗದ ಸಂಗ್ರಹಾಗಾರ ಅದೇ ಬಿಸಿನೀರು.

ಇಷ್ಟು ಕೇಳಿದವರು "ಹಾಗಾದರೆ ಸೋಲಾರ್ ಯಾಕೆ, ಹಳ್ಳವೇ ಸಾಕಲ್ಲ" ಎನ್ನುತ್ತಾರೆ. ಸಾಕು, ಡಿಸೆಂಬರಿನವರೆಗೆ. ಜನವರಿಯಲ್ಲಿ ಹರಿವು ಸೆಕೆಂಡಿಗೆ ಒಂದು ಲೀಟರಿಗೆ ಇಳಿದಿರುತ್ತದೆ, ನಾಜಲ್ ಬದಲಿಸಿ ಹೇಗೋ ಓಡಿಸಿದರೆ ದಿನಕ್ಕೆ ಮೂರು ಯೂನಿಟ್. ಅಷ್ಟರಲ್ಲಿ ತೋಟ ನೀರು ಕೇಳಲು ಶುರು ಮಾಡಿರುತ್ತದೆ. ಅಡಿಕೆಗೋ ದೀಪಕ್ಕೋ ಎಂಬ ಪ್ರಶ್ನೆ ಬಂದಾಗ ದೀಪ ಗೆದ್ದ ಮನೆಯನ್ನು ನಾನು ಕಂಡಿಲ್ಲ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಟರ್ಬೈನಿಗೆ ರಜೆ. ಆ ನಾಲ್ಕು ತಿಂಗಳನ್ನು ಬ್ಯಾಟರಿಯಿಂದ ದಾಟಿಸುವುದಾದರೆ ಆರುನೂರು ಯೂನಿಟ್ ಕೂಡಿಡಬೇಕು. ಮನೆಗಿಂತ ಬ್ಯಾಟರಿಯ ಕೋಣೆಯೇ ದೊಡ್ಡದಾದೀತು.

ಸೋಲಾರ್ ಒಂದನ್ನೇ ನೆಚ್ಚಿಕೊಂಡರೂ ಕಥೆ ಬೇರೆಯಲ್ಲ. ಎರಡು ಕಿಲೋವ್ಯಾಟ್ ಪ್ಯಾನೆಲ್ ಬೇಸಿಗೆಯಲ್ಲಿ ಎಂಟು ಯೂನಿಟ್ ಸುರಿಯುತ್ತದೆ. ಆಷಾಢದ ದಟ್ಟ ಮೋಡದಲ್ಲಿ ಕಿಲೋವ್ಯಾಟಿಗೆ ಒಂದು ಯೂನಿಟ್ ಬಂದರೆ ಪುಣ್ಯ. ಅಂಥ ದಿನ ಎರಡು ಯೂನಿಟ್ ಬಂತು, ಐದು ಬೇಕು, ಮೂರು ಖೋತಾ. ಒಂದು ವಾರ ಮೋಡ ಕವಿದರೆ ಇಪ್ಪತ್ತೊಂದು ಯೂನಿಟ್ಟಿನ ಕೊರತೆ. ಮನೆಗಳಲ್ಲಿ ಕಾಣುವ 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಹೆಸರಿಗೆ 1.8 ಯೂನಿಟ್ ಹಿಡಿಯುತ್ತದೆ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಅಂದರೆ ಇಪ್ಪತ್ತನಾಲ್ಕು ಬ್ಯಾಟರಿ. ಕೊಂಡಿಟ್ಟರೂ ವಾರ ಕಳೆದ ಮೇಲೆ ಅವನ್ನು ತುಂಬಿಸಲು ಬಿಸಿಲೆಲ್ಲಿದೆ? ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಮೂರೇ ತಿಂಗಳಲ್ಲಿ ಸುರಿಯುತ್ತದೆ. ಸೀಸದ ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಕೂತರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಮಲೆನಾಡಿನಲ್ಲಿ ಬ್ಯಾಟರಿಗಳು ಬೇಗ ಸಾಯುವುದಕ್ಕೆ ಇದೊಂದು ಮುಖ್ಯ ಕಾರಣ. ಬೈಸಿಕೊಳ್ಳುವುದು ಮಾತ್ರ ಕಂಪನಿ.

ಎರಡನ್ನೂ ಕೂಡಿಸಿದರೆ ಲೆಕ್ಕ ಹೇಗೆ ತಿರುಗುತ್ತದೆಂಬುದು ಈ ವಿಷಯದ ಸ್ವಾರಸ್ಯ. ವಿದ್ಯುತ್ತಿನ ಒಂದು ಮೂಲ ಹತ್ತು ದಿನಕ್ಕೊಮ್ಮೆ ಕೈಕೊಡುತ್ತದೆ, ಇನ್ನೊಂದು ಮೂಲವೂ ಹತ್ತು ದಿನಕ್ಕೊಮ್ಮೆ ಕೈಕೊಡುತ್ತದೆ ಎಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಎರಡೂ ಒಟ್ಟಿಗೆ ಕೈಕೊಡುವುದು ನೂರು ದಿನಕ್ಕೊಮ್ಮೆ. ಮೊದಲನೆಯದನ್ನೇ ಎರಡು ಪಟ್ಟು ಮಾಡಿದರೆ ಈ ಲಾಭವಿಲ್ಲ. ಮನೆಯ ಮೇಲಿನ ಪ್ಯಾನೆಲ್ಲಿಗೆ ಮೋಡ ಕವಿದಾಗ ಕೊಟ್ಟಿಗೆಯ ಮೇಲಿನ ಪ್ಯಾನೆಲ್ಲಿಗೂ ಕವಿದಿರುತ್ತದೆ. ಹಳ್ಳ ಮತ್ತು ಬಿಸಿಲಿನ ನಂಟು ಇನ್ನೂ ಒಂದು ಹೆಜ್ಜೆ ಮುಂದಿನದು: ಬಿಸಿಲನ್ನು ಮರೆಮಾಡುವ ಮೋಡವೇ ಹಳ್ಳವನ್ನು ತುಂಬಿಸುತ್ತದೆ. ಒಂದು ಸೋತಾಗ ಇನ್ನೊಂದು ಗೆಲ್ಲುವ ಇಂಥ ಜೋಡಿ ಬ್ಯಾಟರಿಯ ಕೆಲಸವನ್ನು ತಿಂಗಳುಗಳಿಂದ ದಿನಗಳಿಗೆ ಇಳಿಸುತ್ತದೆ. ಗಾಳಿಯೂ ಕರ್ನಾಟಕದಲ್ಲಿ ಜೂನಿನಿಂದ ಆಗಸ್ಟಿನವರೆಗೆ ಜೋರು. ಚಿತ್ರದುರ್ಗ, ಗದಗದ ಬಯಲಿನಲ್ಲಾದರೆ ಅದೇ ಸೋಲಾರಿಗೆ ಜೊತೆಗಾರ. ಕಣಿವೆಯೊಳಗೆ ಬೇಡ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ, ಮರಗಳ ಮಧ್ಯೆ ಸುಳಿ ತಿರುಗುವ ಗಾಳಿಗೆ ಫ್ಯಾನಿನ ರೆಕ್ಕೆ ಮುರಿಯುವುದೊಂದು ಬಾಕಿ.

ಇದೇ ಲೆಕ್ಕವನ್ನು ತಲೆಕೆಳಗಾಗಿ ಮಾಡಿದ ಊರೊಂದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿದೆ. ಐಗ್ ಎಂಬ ದ್ವೀಪ, ನೂರರ ಆಸುಪಾಸು ಜನ. 1997ರಲ್ಲಿ ದ್ವೀಪವನ್ನು ಅಲ್ಲಿನವರೇ ಕೊಂಡುಕೊಂಡರು. ಅಲ್ಲಿಯವರೆಗೂ, ಆಮೇಲೂ ಒಂದು ದಶಕ, ಮನೆಮನೆಗೆ ಡೀಸೆಲ್ ಜನರೇಟರಿನ ಸದ್ದು. 2008ರ ಫೆಬ್ರುವರಿ 1ರಂದು ಇಡೀ ದ್ವೀಪಕ್ಕೆ ಒಂದೇ ಪುಟ್ಟ ಗ್ರಿಡ್ ಚಾಲೂ ಆಯಿತು: ನೂರು ಕಿಲೋವ್ಯಾಟಿನ ಒಂದು ಜಲವಿದ್ಯುತ್ ಘಟಕ, ಜೊತೆಗೆ ಇನ್ನೆರಡು ಪುಟ್ಟವು, ಆರು ಕಿಲೋವ್ಯಾಟಿನ ನಾಲ್ಕು ಗಾಳಿಯಂತ್ರ, ಹತ್ತು ಕಿಲೋವ್ಯಾಟ್ ಸೋಲಾರ್ (ಅದನ್ನು ಮುಂದೆ ಐವತ್ತಕ್ಕೆ ಏರಿಸಿದರು), ಬ್ಯಾಟರಿಗಳು, ಕೊನೆಯ ಆಸರೆಗೆ ಡೀಸೆಲ್. ಅಲ್ಲಿ ಮಳೆ, ಗಾಳಿ ಎರಡೂ ಚಳಿಗಾಲದವು. ಬೇಸಿಗೆಯಲ್ಲಿ ತೊರೆ ಬತ್ತುತ್ತದೆ, ಆದರೆ ಆಗ ಅಲ್ಲಿನ ಹಗಲು ಬಲು ಉದ್ದ. ಬಿಸಿಲು ದುಬಾರಿಯಾದ ಆ ನಾಡಿನಲ್ಲಿ ಸೋಲಾರ್ ಹಾಕಿದ್ದು ಯಾಕೆಂದು ಸರಾಸರಿ ನೋಡಿದವರಿಗೆ ಅರ್ಥವಾಗುವುದಿಲ್ಲ. ತಿಂಗಳವಾರು ನೋಡಿದರೆ ತಕ್ಷಣ ಹೊಳೆಯುತ್ತದೆ.

ಐಗಿನಲ್ಲಿ ನನಗೆ ಹಿಡಿಸಿದ್ದು ಯಂತ್ರಗಳಿಗಿಂತ ಒಂದು ನಿಯಮ. ಯಾವ ಮನೆಯೂ ಒಂದೇ ಹೊತ್ತಿಗೆ ಐದು ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ, ಅಂಗಡಿ ಮುಂಗಟ್ಟಿಗೆ ಹತ್ತು. ಮೀರಿದರೆ ಕರೆಂಟ್ ಹೋಗುತ್ತದೆ. ಕೆಟಲ್ಲು, ವಾಷಿಂಗ್ ಮೆಷಿನ್ನು, ಹೀಟರು ಒಟ್ಟಿಗೆ ಹಾಕಬಾರದು ಎಂಬ ಶಿಸ್ತು ಮನೆಯವರಿಗೆ ತಾನಾಗಿ ಬಂದಿದೆ. ನಿಯಮ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಆದ್ದರಿಂದ ತಕರಾರು ಕಡಿಮೆ. ಹೆಚ್ಚಾದ ವಿದ್ಯುತ್ತು ಸಮುದಾಯ ಭವನವನ್ನೂ ಚರ್ಚನ್ನೂ ಬೆಚ್ಚಗಿಡಲು ಹೋಗುತ್ತದೆ. ನಮ್ಮ ಬಚ್ಚಲ ಕಾಯಿಲ್ಲಿನದೇ ಕೆಲಸ.

ಈಗ ನಮ್ಮ ತೋಟದ ಮನೆಯ ವರ್ಷವನ್ನು ಒಮ್ಮೆ ನಡೆದು ನೋಡೋಣ. ಜುಲೈಯಿಂದ ಸೆಪ್ಟೆಂಬರ್: ಸೋಲಾರ್ ಸತ್ತಂತೆಯೇ, ಹಳ್ಳ ಒಂದೇ ಮೂರು ಮನೆಯನ್ನು ಸಾಕುತ್ತದೆ. ಅಕ್ಟೋಬರಿನಿಂದ ಡಿಸೆಂಬರ್: ಹಳ್ಳ ಇನ್ನೂ ಹರಿಯುತ್ತಿದೆ, ಬಿಸಿಲೂ ಮರಳಿದೆ, ಸುಗ್ಗಿಯೇ ಸುಗ್ಗಿ. ಅಡಿಕೆ ಕೊಯ್ಲು ಶುರುವಾಗಿ ಸುಲಿಯುವ ಯಂತ್ರದ ಮೋಟರು ದಿನವಿಡೀ ಓಡಬೇಕಾದ್ದು ಸರಿಯಾಗಿ ಈ ದಿನಗಳಲ್ಲೇ. ಇಷ್ಟು ಒಳ್ಳೆಯ ಹೊಂದಾಣಿಕೆ ಯಾವ ಎಂಜಿನಿಯರ್ ಕೂತರೂ ಮಾಡಲಾರ. ಜನವರಿಯಲ್ಲಿ ಇಬ್ಬರೂ ಅರ್ಧರ್ಧ ಹೆಗಲು ಕೊಡುತ್ತಾರೆ. ಫೆಬ್ರುವರಿಯಿಂದ ಮೇ: ಹಳ್ಳವಿಲ್ಲ, ಬಿಸಿಲಿದೆ, ರಾತ್ರಿಯ ಎರಡು ಮೂರು ಯೂನಿಟ್ಟಿಗೆ ಮಾತ್ರ ಬ್ಯಾಟರಿ. ಕೆಟ್ಟ ವಾರ ಎಲ್ಲಿದೆ?

ಜೂನಿನಲ್ಲಿದೆ. ರೋಹಿಣಿ ಮಳೆ ಕಳೆದು ಜೂನ್ ಎರಡನೇ ವಾರಕ್ಕೆ ಮೃಗಶಿರಾ ಹಿಡಿಯುತ್ತದೆ. ಮುಂಗಾರು ಕರಾವಳಿ ಹತ್ತಿ ಘಟ್ಟಕ್ಕೆ ಬಂದಿರುತ್ತದೆ. ಆಕಾಶ ಒಂದೇ ದಿನದಲ್ಲಿ ಮುಚ್ಚುತ್ತದೆ, ಹಳ್ಳ ಒಂದೇ ದಿನದಲ್ಲಿ ತುಂಬುವುದಿಲ್ಲ. ನಾಲ್ಕೈದು ತಿಂಗಳು ಒಣಗಿದ ಕಾಡಿನ ಮಣ್ಣು ಮೊದಲ ಮಳೆಗಳನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ಮಣ್ಣು ತಣಿದು, ಒರತೆ ಎದ್ದು, ಹಳ್ಳ ನೆಚ್ಚುವ ಹಾಗೆ ಹರಿಯಲು ವಾರ, ಹತ್ತು ದಿನ ಬೇಕು. ಮುಂಗಾರು ಎಳೆದಾಡಿದರೆ ಆರಿದ್ರಾ ಮಳೆಯವರೆಗೂ ಕಾಯಬೇಕು. ನಡುವೆ ಒಂದು ಜೋರು ಮಳೆಗೆ ಹಳ್ಳ ಕೆಂಪಗೆ ಉಕ್ಕಿದರೂ ಬೇಸಿಗೆಯ ತರಗೆಲೆಯೆಲ್ಲ ಒಮ್ಮೆಲೇ ಬಂದು ಮೇಲಿನ ಜಾಲರಿಗೆ ಮೆತ್ತಿಕೊಂಡು ಪೈಪಿಗೆ ಗಾಳಿ ಹೊಗುತ್ತದೆ. ಬಿಸಿಲು ಹೋಗಿದೆ, ನೀರು ಬಂದಿಲ್ಲ. ಎರಡು ಮೂಲಗಳ ನಡುವೆ ವರ್ಷವಿಡೀ ಇದ್ದ ಒಪ್ಪಂದ ಮುರಿದುಬೀಳುವುದು ಈ ಹತ್ತು ಹನ್ನೆರಡು ದಿನ.

ತಿಂಗಳ ಸರಾಸರಿಯಲ್ಲಿ ಈ ಕಂದಕ ಕಾಣಿಸುವುದಿಲ್ಲ. ಜೂನಿನ ಮೊದಲ ವಾರದ ಬಿಸಿಲು, ಕೊನೆಯ ವಾರದ ಹಳ್ಳ ಕೂಡಿ ಜೂನ್ ಒಟ್ಟಾರೆ ಸುಖವಾಗಿಯೇ ತೋರುತ್ತದೆ. ಈ ಕಾರಣಕ್ಕೇ ಎಂಜಿನಿಯರುಗಳು ವರ್ಷದ 8,760 ತಾಸುಗಳನ್ನೂ ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಹೋಮರ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಇಷ್ಟು ಪ್ಯಾನೆಲ್, ಇಷ್ಟು ಬ್ಯಾಟರಿ, ಇಷ್ಟು ಡೀಸೆಲ್ ಎಂಬ ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ಇಡೀ ವರ್ಷ ಓಡಿಸಿ ನೋಡಿ, ಬೇಡಿಕೆ ಪೂರೈಸಿದವುಗಳಲ್ಲಿ ಆಯುಷ್ಯವಿಡೀ ಕಡಿಮೆ ಖರ್ಚಿನದು ಯಾವುದೆಂದು ಸಾಲಾಗಿ ತೋರಿಸುತ್ತದೆ. ಆದರೆ ಅದಕ್ಕೆ ಉಣಿಸುವ ಅಂಕಿ ಹಳ್ಳದ್ದೇ ಆಗಿರಬೇಕು. ಉಪಗ್ರಹದಿಂದ ಬಿಸಿಲಿನ ಅಂದಾಜು ಪುಕ್ಕಟೆ ಸಿಗುತ್ತದೆ. ನಿಮ್ಮ ಹಳ್ಳ ಯಾವ ತಾರೀಕಿಗೆ ಏಳುತ್ತದೆಂದು ಉಪಗ್ರಹಕ್ಕೆ ಗೊತ್ತಿಲ್ಲ, ಮನೆಯ ಹಿರಿಯರಿಗೆ ಗೊತ್ತು. ಬಕೆಟ್ಟು, ಗಡಿಯಾರ ಹಿಡಿದು ಒಂದು ಜೂನ್ ಪೂರ್ತಿ ದಿನಾ ಅಳೆದು ಬರೆದಿಟ್ಟ ನೋಟ್‌ಬುಕ್ಕು ಯಾವ ತಂತ್ರಾಂಶಕ್ಕಿಂತಲೂ ಬೆಲೆಬಾಳುವಂಥದ್ದು.

ಕಂದಕವನ್ನು ಬ್ಯಾಟರಿಯಿಂದಲೇ ಪೂರ್ತಿ ತುಂಬುತ್ತೇನೆಂದು ಹೊರಟರೆ ಏನಾಗುತ್ತದೆಂಬುದಕ್ಕೆ ದೊಡ್ಡ ಪ್ರಮಾಣದ ಉದಾಹರಣೆ ಸ್ಪೇನಿನ ಎಲ್ ಹಿಯೆರೊ ದ್ವೀಪ. 2014ರಲ್ಲಿ ಅಲ್ಲಿ 11.5 ಮೆಗಾವ್ಯಾಟಿನ ಗಾಳಿಯಂತ್ರಗಳನ್ನೂ, ಆರುನೂರೈವತ್ತು ಮೀಟರ್ ಎತ್ತರದ ವ್ಯತ್ಯಾಸವಿರುವ ಎರಡು ಜಲಾಶಯಗಳನ್ನೂ ಕಟ್ಟಿದರು. ಗಾಳಿ ಹೆಚ್ಚಾದಾಗ ನೀರನ್ನು ಮೇಲಕ್ಕೆತ್ತುವುದು, ಗಾಳಿ ನಿಂತಾಗ ಇಳಿಬಿಟ್ಟು ಟರ್ಬೈನ್ ತಿರುಗಿಸುವುದು. 2019ರ ಬೇಸಿಗೆಯಲ್ಲಿ ಸತತ 24 ದಿನ ಇಡೀ ದ್ವೀಪ ಒಂದು ಹನಿ ಡೀಸೆಲ್ ಸುಡದೆ ನಡೆಯಿತು. ಆದರೂ ವರ್ಷದ ಒಟ್ಟು ಲೆಕ್ಕದಲ್ಲಿ ನವೀಕರಿಸಬಹುದಾದ ಪಾಲು ಅರ್ಧದ ಆಸುಪಾಸು. ಕೆಳಗಿನ ಜಲಾಶಯ ಹಿಡಿಯುವುದು ಒಂದೂವರೆ ಲಕ್ಷ ಘನಮೀಟರ್. ಅಷ್ಟೂ ನೀರು ಆ ಎತ್ತರದಿಂದ ಇಳಿದರೆ ನಷ್ಟಕ್ಕೆ ಮುಂಚೆ ಸುಮಾರು 2,65,000 ಯೂನಿಟ್. ದ್ವೀಪಕ್ಕೆ ಅದು ಒಂದೆರಡು ದಿನದ ಊಟ. ಗಾಳಿಯಿಲ್ಲದ ಅವಧಿ ವಾರಗಟ್ಟಲೆ ಎಳೆಯುತ್ತದೆ. ಸಂಗ್ರಹವನ್ನು ಮೂರು ಪಟ್ಟು ಮಾಡಿದರೆ ಖರ್ಚು ಸುಮಾರು ಮೂರು ಪಟ್ಟಾಗುತ್ತದೆ. ಹೆಚ್ಚುವರಿಯಾಗಿ ಕಟ್ಟಿದ ಭಾಗಕ್ಕೆ ಕೆಲಸ ಸಿಗುವುದು ವರ್ಷದಲ್ಲಿ ಬೆರಳೆಣಿಕೆಯ ಸಲ. ಮೊದಲ ತೊಂಬತ್ತು ಭಾಗಕ್ಕಿಂತ ಕೊನೆಯ ಹತ್ತು ಭಾಗವೇ ದುಬಾರಿ ಎಂಬುದು ಈ ವಿದ್ಯೆಯಲ್ಲಿ ಎಲ್ಲ ಕಡೆ ಎದುರಾಗುವ ಸತ್ಯ. ಬ್ಯಾಟರಿ ತನ್ನ ಬೆಲೆ ದುಡಿಯುವುದು ದಿನಾ ತುಂಬಿ ದಿನಾ ಖಾಲಿಯಾದರೆ ಮಾತ್ರ.

ಹಾಗಾಗಿ ನಮ್ಮ ಮನೆಯ ಜೂನನ್ನು ಬೇರೆ ಮೂರು ದಾರಿಯಿಂದ ಕಿರಿದು ಮಾಡೋಣ.

ಮೊದಲನೆಯದು ಬೇಡಿಕೆ. ಮಳೆ ಹಿಡಿದ ಮೇಲೆ ಫ್ಯಾನು ಬೇಡ, 0.7 ಉಳಿಯಿತು. ಪಂಪು ದಿನ ಬಿಟ್ಟು ದಿನ, ಇನ್ನೊಂದು 0.45. ಬಟ್ಟೆ ಯಂತ್ರ, ಗ್ರೈಂಡರನ್ನು ಮೋಡ ಹರಿದ ದಿನಕ್ಕೆ ಮುಂದೂಡಿದರೆ ಒಟ್ಟು ಉಳಿತಾಯ ಒಂದೂವರೆ ಯೂನಿಟ್. ಐದು ಮೂರೂವರೆಗೆ ಬಂತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬ್ಯಾಟರಿಯ ಮಟ್ಟ ತೋರಿಸುವ ಮೀಟರೊಂದು ಅಡುಗೆಮನೆಯ ಗೋಡೆಗೆ ಬೇಕು. ಅದು ಸಾಮಾನ್ಯವಾಗಿ ಇರುವುದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ನೋಡುವವರು ಯಜಮಾನರೊಬ್ಬರೇ. ಕರೆಂಟ್ ಬಳಸುವವರು ಬೇರೆ, ಲೆಕ್ಕ ನೋಡುವವರು ಬೇರೆಯಾದ ಮನೆಯಲ್ಲಿ ಯಾವ ಯೋಜನೆಯೂ ನಿಲ್ಲುವುದಿಲ್ಲ.

ಎರಡನೆಯದು ಪ್ಯಾನೆಲ್. ಕಳೆದ ಹದಿನೈದು ವರ್ಷಗಳಲ್ಲಿ ಪ್ಯಾನೆಲ್ಲಿನ ಬೆಲೆ ಕುಸಿದಷ್ಟು ಈ ವ್ಯವಸ್ಥೆಯ ಇನ್ನಾವ ಭಾಗದ್ದೂ ಕುಸಿದಿಲ್ಲ. ಹಿಂದೆ ಪ್ಯಾನೆಲ್ ದುಬಾರಿಯಾಗಿದ್ದಾಗ ಒಂದೊಂದು ಯೂನಿಟ್ಟನ್ನೂ ಬ್ಯಾಟರಿಯಲ್ಲಿ ಜೋಪಾನ ಮಾಡುವುದು ಸರಿಯಾಗಿತ್ತು. ಈಗ ಬೇಸಿಗೆಯಲ್ಲಿ ಅರ್ಧ ಪೋಲಾದರೂ ಚಿಂತೆಯಿಲ್ಲ ಎಂದು ಹೆಚ್ಚು ಪ್ಯಾನೆಲ್ ಹಾಕಿ, ಮೋಡದ ದಿನ ಸಿಗುವ ಚೂರುಪಾರನ್ನು ದೊಡ್ಡದು ಮಾಡಿಕೊಳ್ಳುವುದು ಲಾಭ. ಎರಡು ಕಿಲೋವ್ಯಾಟನ್ನು ಮೂರಕ್ಕೆ ಏರಿಸೋಣ.

ಮೂರನೆಯದು ಕೂರಿಸುವ ಕೋನ. ನಮ್ಮ ಕಡೆ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಹದಿನೈದು ಡಿಗ್ರಿ ಬಾಗಿಸಿ ಎನ್ನುತ್ತಾರೆ. ವರ್ಷದ ಒಟ್ಟು ಬೆಳೆಗೆ ಅದು ಸರಿ. ಆದರೆ ಜೂನ್ 21ರಂದು ಶಿರಸಿಯ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು ಒಂಬತ್ತು ಡಿಗ್ರಿ ಉತ್ತರಕ್ಕಿರುತ್ತಾನೆ. ಶಿರಸಿ ಇರುವುದು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ, ಸೂರ್ಯ ಆಗ ಇಪ್ಪತ್ತಮೂರೂವರೆಯಲ್ಲಿ. ದಕ್ಷಿಣಕ್ಕೆ ಬಾಗಿದ ಪ್ಯಾನೆಲ್ ಆ ದಿನಗಳಲ್ಲಿ ಸೂರ್ಯನಿಗೆ ಅಷ್ಟರಮಟ್ಟಿಗೆ ಬೆನ್ನು ತಿರುಗಿಸಿರುತ್ತದೆ. ಮೋಡದ ದಿನದ ಬೆಳಕಂತೂ ಇಡೀ ಆಕಾಶದಿಂದ ಹರಡಿ ಬರುವಂಥದ್ದು, ಪ್ಯಾನೆಲ್ ಮಲಗಿದಷ್ಟೂ ಹೆಚ್ಚು ಆಕಾಶ ಕಾಣುತ್ತದೆ. ಕೆಟ್ಟ ವಾರಕ್ಕೆ ಕಟ್ಟುವುದಾದರೆ ಕೋನವನ್ನು ಇಳಿಸಬೇಕು. ಪೂರ್ತಿ ಮಲಗಿಸಿದರೆ ಎಲೆ ಕೂತು, ಪಾಚಿ ಕಟ್ಟಿ ಇನ್ನೊಂದು ಫಜೀತಿ; ಮಳೆ ನೀರೇ ತೊಳೆದುಕೊಂಡು ಹೋಗಲು ಹತ್ತು ಡಿಗ್ರಿ ಇಳಿಜಾರು ಇರಲಿ. ಅಡಿಕೆ ಮರದ ತಲೆಯ ನೆರಳು ಬೆಳಿಗ್ಗೆ ಎಲ್ಲಿ ಬೀಳುತ್ತದೆಂದು ಡಿಸೆಂಬರಿನಲ್ಲಿ ನೋಡಿ ಜಾಗ ಗೊತ್ತು ಮಾಡುವವರು ಜೂನಿನಲ್ಲೂ ಒಮ್ಮೆ ನೋಡಬೇಕು.

ಈಗ ಬ್ಯಾಟರಿ. ಮೂರು ಕಿಲೋವ್ಯಾಟ್ ಪ್ಯಾನೆಲ್ ಮೃಗಶಿರಾದ ಸಾಧಾರಣ ಮೋಡದಲ್ಲಿ ಮೂರೂವರೆ ಯೂನಿಟ್ ಹೇಗೋ ತರುತ್ತದೆ, ಕೊಡುಕೊಳ್ಳುವಿಕೆ ಸರಿದೂಗುತ್ತದೆ. ಭಯವಿರುವುದು ಸಾಲಾಗಿ ಮೂರು ದಿನ ಕತ್ತಲೆ ಕವಿದಾಗ. ಆಗ ಕಿಲೋವ್ಯಾಟಿಗೆ 0.7ರಂತೆ 2.1 ಯೂನಿಟ್ ಬರುತ್ತದೆ, ದಿನಕ್ಕೆ 1.4 ಕೊರತೆ, ಮೂರು ದಿನಕ್ಕೆ 4.2, ಕೊನೆಯ ರಾತ್ರಿ ಕಳೆಯಲು ಇನ್ನೆರಡು. ಒಟ್ಟು ಆರೂ ಚಿಲ್ಲರೆ ಯೂನಿಟ್. ಏಳೂವರೆ ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಸಾಕು. ಅದರಿಂದ ನೂರಕ್ಕೆ ಎಂಬತ್ತೈದು ಭಾಗ ತೆಗೆದರೂ ಮುನಿಯುವುದಿಲ್ಲ, ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಕೂತರೂ ಸೀಸದ ಬ್ಯಾಟರಿಯಂತೆ ಹರಳುಗಟ್ಟುವುದಿಲ್ಲ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಕುಡಿಸುವ ಕೆಲಸವಿಲ್ಲ. ಸೋಲಾರ್ ಒಂದನ್ನೇ ನಂಬಿದ್ದಾಗ ಬೇಕಾಗಿದ್ದ ಇಪ್ಪತ್ತನಾಲ್ಕು ಬ್ಯಾಟರಿಯ ಜಾಗದಲ್ಲಿ ಗೋಡೆಗೆ ನೇತುಹಾಕುವ ಒಂದು ಪೆಟ್ಟಿಗೆ. ನಾಲ್ಕನೆಯ ದಿನವೂ ಕತ್ತಲೆಯಾದರೆ? ವರ್ಷಕ್ಕೆ ಒಂದೆರಡು ಸಲ ಆದೀತು. ಅದಕ್ಕೆಂದು ಇನ್ನೊಂದು ಪೆಟ್ಟಿಗೆ ಕೊಳ್ಳುವ ಬದಲು ಸಣ್ಣ ಜನರೇಟರನ್ನು ಎರಡು ತಾಸು ಓಡಿಸಿ. ಲೀಟರ್ ಇಂಧನಕ್ಕೆ ಎರಡು ಮೂರು ಯೂನಿಟ್ ಮಾತ್ರ, ದುಬಾರಿಯೇ. ಆದರೆ ವರ್ಷಕ್ಕೆ ನಾಲ್ಕು ಲೀಟರ್ ಸುಡುವುದನ್ನು ದುಬಾರಿ ಎನ್ನಲಾಗದು. ಪೂರ್ತಿ ನೂರಕ್ಕೆ ನೂರು ಹಸಿರು ಎಂಬ ಹಟಕ್ಕೆ ಬಿದ್ದವರ ಜೊತೆ ನನಗೆ ಇಲ್ಲಿ ಜಗಳವಿದೆ. ಆ ನಾಲ್ಕು ಲೀಟರ್ ಉಳಿಸಲು ತಯಾರಿಸುವ ಹೆಚ್ಚುವರಿ ಬ್ಯಾಟರಿಗೂ ಗಣಿ ತೋಡಬೇಕು.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ, ಇಷ್ಟೆಲ್ಲ ಮಾಡಿದ ಮೇಲೆ ತಂತಿ ಬಂದರೆ? ಬಿಹಾರದ ಧರ್ನೈ ಗ್ರಾಮಕ್ಕೆ 2014ರಲ್ಲಿ ನೂರು ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್ ಬಂತು, ಮೂವತ್ತು ವರ್ಷ ಕತ್ತಲಲ್ಲಿದ್ದ ಊರು ಬೆಳಗಿತು. ದೀಪ ಬಂದೊಡನೆ ಜನ ಟಿವಿ, ಫ್ರಿಜ್ ತಂದರು. ವ್ಯವಸ್ಥೆ ಅದಕ್ಕೆ ಅಳತೆ ಮಾಡಿದ್ದಲ್ಲ. "ನಮಗೆ ಅಸಲಿ ಬಿಜಲಿ ಬೇಕು" ಎಂಬ ಕೂಗೆದ್ದಿತು. ಸ್ವಲ್ಪ ದಿನದಲ್ಲೇ ಸರಕಾರಿ ಗ್ರಿಡ್ ಕಡಿಮೆ ದರದಲ್ಲಿ ಊರು ಹೊಕ್ಕಿತು, ಮೈಕ್ರೋಗ್ರಿಡ್ಡಿಗೆ ಗಿರಾಕಿಗಳಿಲ್ಲದಾಗಿ, ಬ್ಯಾಟರಿಗಳು ಕೆಟ್ಟು, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಬೇಡಿಕೆ ಬೆಳೆಯುತ್ತದೆ, ತಂತಿಯೂ ಎಂದೋ ಬರುತ್ತದೆ ಎಂಬುದನ್ನು ಮೊದಲ ದಿನದ ಲೆಕ್ಕದಲ್ಲೇ ಸೇರಿಸಬೇಕಿತ್ತು. ಆಮೇಲೆ ಪ್ಯಾನೆಲ್ ಸೇರಿಸಬಹುದಾದ, ಗ್ರಿಡ್ಡನ್ನೂ ಒಳಗೆ ಬಿಟ್ಟುಕೊಳ್ಳುವ ಹೈಬ್ರಿಡ್ ಇನ್ವರ್ಟರನ್ನೇ ಮೊದಲು ಕೊಳ್ಳುವುದು ಇದಕ್ಕೇ.

ಆದರೆ ಮಲೆನಾಡಿನ ತೋಟದ ಮನೆಗೆ ತಂತಿ ಬಂದರೆ ಅದನ್ನು ಮೂರನೆಯ ಮೂಲವೆಂದು ಎಣಿಸಿ, ಅದು ಯಾವಾಗ ಕೈಕೊಡುತ್ತದೆ ಎಂದೂ ಕೇಳಬೇಕು. ಬೇಸಿಗೆಯಲ್ಲಿ ಪರವಾಗಿಲ್ಲ, ಚಳಿಗಾಲದಲ್ಲಿ ಚೆನ್ನಾಗಿಯೇ ಇರುತ್ತದೆ. ಮುಂಗಾರಿನ ಮೊದಲ ಗಾಳಿಗೆ ಕಾಡಿನ ನಡುವಿನ ಲೈನಿನ ಮೇಲೆ ಮರ ಬೀಳುತ್ತದೆ, ಕಂಬ ವಾಲುತ್ತದೆ, ಲೈನ್‌ಮನ್ ಬರಲು ಎರಡು ದಿನ, ಕೆಲವೊಮ್ಮೆ ಐದು ದಿನ. ಮೂರನೆಯ ಮೂಲವೂ ಸೋಲುವುದು ಅದೇ ಮೃಗಶಿರಾದಲ್ಲಿ. ತಂತಿ ಬಂದ ಮೇಲೆ ನಮ್ಮ ಯೋಜನೆಯಿಂದ ಒಂದು ಕಿಲೋವ್ಯಾಟ್ ಪ್ಯಾನೆಲ್ ಕೈಬಿಡಬಹುದು, ಬೇಸಿಗೆಯ ಪಂಪನ್ನು ಗ್ರಿಡ್ಡಿಗೆ ಹಾಕಬಹುದು. ಏಳೂವರೆ ಯೂನಿಟ್ಟಿನ ಆ ಪೆಟ್ಟಿಗೆಯಿಂದ ಅರ್ಧ ಯೂನಿಟ್ಟನ್ನೂ ಕಡಿಮೆ ಮಾಡುವಂತಿಲ್ಲ.